ಪರದೆಯಿಂದ ಮತ್ತೆ ಕಾಗದಕ್ಕೆ: ಡಿಜಿಟಲ್ ಡಿಸೈನರ್‌ಗಳು ಕೈಯಿಂದ ಚಿತ್ರ ಮಾಡಲು ಹಂತಹಂತದ ಮಾರ್ಗದರ್ಶಿ

ವರ್ಷಗಟ್ಟಲೆ ಪರದೆಯ ಮೇಲೆ ದುಡಿದ ಡಿಸೈನರ್‌ಗಳು ಉತ್ಸಾಹದಿಂದ ಕುಂಚ, ಶಾಯಿ, ಕಾಗದಗಳನ್ನು ತಂದುಕೊಂಡು, ನಾಲ್ಕಾರು ಹಾಳೆ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಮೇಜಿನ ಖಾನೆಗೆ ಸೇರಿಸಿಬಿಡುವುದು ಮತ್ತೆ ಮತ್ತೆ ಕಾಣುವ ಸಂಗತಿ. ಕಾರಣ ಕೇಳಿದರೆ ಬಹುಮಂದಿ ‘ಕೈಗೆ ಅಭ್ಯಾಸ ತಪ್ಪಿದೆ’ ಎನ್ನುತ್ತಾರೆ. ಅದು ಅರ್ಧ ಸತ್ಯ. ಅಳತೆ, ಸಂಯೋಜನೆ, ಅಕ್ಷರಗಳ ನಡುವಿನ ಅಂತರ, ಖಾಲಿ ಜಾಗದ ಬಳಕೆ ಇವೆಲ್ಲ ಅವರ ಕಣ್ಣಿನಲ್ಲಿ ಇದ್ದೇ ಇರುತ್ತವೆ. ತಪ್ಪುವುದು ಕೆಲಸದ ಕ್ರಮ: ಗೆರೆ ಕೈಗೆ ಹತ್ತುವ ಮೊದಲೇ ಬಣ್ಣ, ಒಂದು ಮಾಧ್ಯಮ ಅರ್ಥವಾಗುವ ಮೊದಲೇ ಇನ್ನೊಂದು, ಹಾಳೆ ಒಣಗುವ ಮೊದಲೇ ಮೊಬೈಲಿನ ಕ್ಯಾಮೆರಾ. ಇದರ ಜೊತೆಗೆ ಪರದೆಯ ಮೇಲಿನಷ್ಟೇ ನುಣುಪಾದ ಅಂಚನ್ನು ಕಾಗದದ ಮೇಲೂ ನಿರೀಕ್ಷಿಸುವುದರಿಂದ, ಚೆನ್ನಾಗಿ ಬಂದ ಹಾಳೆಯೂ ಅವರ ಕಣ್ಣಿಗೆ ಕೆಟ್ಟುಹೋದಂತೆ ಕಾಣುತ್ತದೆ.

ಆದ್ದರಿಂದ ಇಲ್ಲಿ ಕ್ರಮಕ್ಕೇ ಹೆಚ್ಚಿನ ಮಹತ್ವ ಕೊಟ್ಟಿದೆ. ವಾರಕ್ಕೆ ಮೂರು ನಾಲ್ಕು ಬಾರಿ, ಪ್ರತಿ ಬಾರಿ 40 ನಿಮಿಷ ಕೊಡಬಲ್ಲವರು ಸುಮಾರು ಮೂರು ತಿಂಗಳಲ್ಲಿ ಏಳೂ ಹಂತಗಳನ್ನು ದಾಟಬಹುದು. ಒಂದು ಹಂತದಲ್ಲಿ ಪಳಗಿದ ಕೈಯನ್ನೇ ಮುಂದಿನ ಹಂತ ನೆಚ್ಚಿಕೊಂಡಿರುವುದರಿಂದ ಮೊದಲ ಆರರಲ್ಲಿ ಯಾವುದನ್ನೂ ಹಾರಿಸಬೇಡಿ. ಬೇಸರವೆನಿಸಿದರೆ ಹಂತವನ್ನು ಬದಲಿಸುವ ಬದಲು ಅಂದಿನ ಅವಧಿಯನ್ನು ಮೊಟಕುಗೊಳಿಸಿ.

## ಹಂತ 1: ಸಲಕರಣೆಗಳ ಆಯ್ಕೆ

ಸಾಫ್ಟ್‌ವೇರ್‌ನಲ್ಲಿ ನೂರಾರು ಬ್ರಷ್‌ಗಳು ಒಂದೇ ಪಟ್ಟಿಯಲ್ಲಿ ಸಿಗುವ ಅಭ್ಯಾಸವಿರುವವರು ಕಲಾಸಾಮಗ್ರಿಯನ್ನೂ ಸೆಟ್‌ಗಟ್ಟಲೆ ಕೊಳ್ಳುತ್ತಾರೆ. 24 ಬಣ್ಣಗಳ ಪೆಟ್ಟಿಗೆ ಎದುರಿಗಿದ್ದರೆ ಯಾವುದನ್ನು ಎತ್ತಿಕೊಳ್ಳಬೇಕೆಂಬ ಯೋಚನೆಯಲ್ಲೇ ಅರ್ಧ ಅವಧಿ ಕಳೆದುಹೋಗುತ್ತದೆ. ಮೊದಲ ನಾಲ್ಕು ಹಂತಗಳಿಗೆ ಇಷ್ಟು ಸಾಕು:

- ಎಚ್‌ಬಿ, 2ಬಿ ಮತ್ತು 6ಬಿ ಪೆನ್ಸಿಲ್‌ಗಳು
- ಪಿಗ್ಮೆಂಟ್ (ಕರಗದ ಬಣ್ಣದ ಪುಡಿಯ) ಶಾಯಿಯ 0.3 ಮತ್ತು 0.8 ಮಿ.ಮೀ. ಪೆನ್ನುಗಳು
- ಒಣಗಿದ ಮೇಲೆ ನೀರಿಗೆ ಕರಗದ ಕಪ್ಪು ಶಾಯಿಯ ಒಂದು ಸಣ್ಣ ಸೀಸೆ
- 8ನೇ ಸಂಖ್ಯೆಯ ದುಂಡು ಕುಂಚ ಮತ್ತು ಅರ್ಧ ಅಂಗುಲದ ಚಪ್ಪಟೆ ಕುಂಚ, ಎರಡೂ ಸಿಂಥೆಟಿಕ್ ಕೂದಲಿನವು
- ಐದು ಗುಳಿಗಳಿರುವ ಬಿಳಿ ಬಣ್ಣದ ತಟ್ಟೆ, ನೀರಿಗೆ ಎರಡು ಲೋಟ, ಹಳೆಯ ಹತ್ತಿಬಟ್ಟೆ, ಮಾಸ್ಕಿಂಗ್ ಟೇಪ್

ಹಣ ಉಳಿಸಬೇಕೆಂದಿದ್ದರೆ ಕುಂಚದಲ್ಲಿ ಉಳಿಸಿ, ಕಾಗದದಲ್ಲಿ ಬೇಡ. ಪೆನ್ಸಿಲ್ ಮತ್ತು ಪೆನ್ನಿನ ಅಭ್ಯಾಸಕ್ಕೆ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ತೂಕದ ಸಾಮಾನ್ಯ ಮುದ್ರಣ ಕಾಗದ ಸಾಕು, ಮೇಲಾಗಿ ಅದು ಅಗ್ಗವಾಗಿರುವುದರಿಂದ ಹಾಳು ಮಾಡಲು ಹೆದರಿಕೆಯಾಗುವುದಿಲ್ಲ. ಆದರೆ ನೀರು ತಾಗುವ ಯಾವ ಕೆಲಸಕ್ಕೂ ಅದು ಒದಗದು. ಅದರ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ಕ್ಷಣಮಾತ್ರದಲ್ಲಿ ಹಾಳೆ ಗುಳ್ಳೆಯೆದ್ದು ಸುತ್ತಲೂ ಸುಕ್ಕುಗಟ್ಟುತ್ತದೆ, ಕುಂಚದಿಂದ ಎರಡು ಬಾರಿ ಉಜ್ಜಿದರೆ ಮೇಲ್ಮೈ ಸಿಪ್ಪೆಯೇಳುತ್ತದೆ. 300 ಜಿಎಸ್‌ಎಂ ಜಲವರ್ಣ ಕಾಗದದ ಮೇಲೆ ಅದೇ ಹನಿ ತುಸು ಹೊತ್ತು ಮೇಲೆಯೇ ನಿಂತು ಆಮೇಲೆ ಇಂಗುತ್ತದೆ. ಕುಂಚಕ್ಕೆ ಕೆಲಸ ಮಾಡಲು ಸಿಗುವ ಅವಕಾಶ ಆ ತುಸು ಹೊತ್ತೇ. ಕುಂಚದ ಕೆಲಸದಲ್ಲಿ ‘ನನ್ನ ಕೈ ಸರಿಯಿಲ್ಲ’ ಎಂದುಕೊಂಡವರಲ್ಲಿ ಅನೇಕರ ಸಮಸ್ಯೆ ನಿಜಕ್ಕೂ ಕಾಗದದ್ದಾಗಿರುತ್ತದೆ.

ಒಂದು ಎಚ್ಚರಿಕೆ: ನೀರಿಗೆ ಕರಗದ ಈ ಕಪ್ಪು ಶಾಯಿಯನ್ನು, ಅಂದರೆ ಇಂಡಿಯನ್ ಇಂಕನ್ನು, ಎಂದಿಗೂ ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಇಂಗಾಲದ ಕಣಗಳು ಮತ್ತು ಅರಗಿನಂತಹ ಅಂಟು ಪದಾರ್ಥ ಪೆನ್ನಿನ ಒಳದಾರಿಯಲ್ಲಿ ಗಟ್ಟಿಯಾಗಿ ಕೂತರೆ ಬಿಡಿಸುವುದು ಬಹಳ ಕಷ್ಟ.

## ಹಂತ 2: ಜಾಗ, ಬೆಳಕು ಮತ್ತು ಭಂಗಿ

ಕಂಪ್ಯೂಟರ್ ಇರುವ ಮೇಜಿನಲ್ಲಿ ಕೀಲಿಮಣೆಯನ್ನು ಬದಿಗೆ ಸರಿಸಿ ಚಿತ್ರ ಮಾಡಲು ಕೂರಬೇಡಿ. ಮೇಜು ಎಷ್ಟೇ ಚಿಕ್ಕದಾಗಿರಲಿ, ಬೇರೆಯದೇ ಇರಲಿ. ಸಾಮಗ್ರಿಗಳು ಅದರ ಮೇಲೆ ತೆರೆದೇ ಇದ್ದು, ಕೂತ ಎರಡು ನಿಮಿಷದೊಳಗೆ ಮೊದಲ ಗೆರೆ ಎಳೆಯುವಂತಿರಬೇಕು. ಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುವ ಕೆಲಸ ಪ್ರತಿ ಬಾರಿಯೂ ಎದುರಾದರೆ, ದಣಿದ ಸಂಜೆಗಳಲ್ಲಿ ಆ ಕೆಲಸವೇ ನಿಮ್ಮನ್ನು ತಡೆಯುತ್ತದೆ.

ಬೆಳಕು ನೀವು ಬರೆಯುವ ಕೈಯ ಎದುರು ಬದಿಯಿಂದ ಬರಲಿ, ಬಲಗೈಯವರಿಗೆ ಎಡದಿಂದ. ಹಾಗಾದರೆ ಕೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ. ಪೆನ್ನು, ಪೆನ್ಸಿಲ್ ಕೆಲಸಕ್ಕೆ ಹಲಗೆಯನ್ನು 20ರಿಂದ 30 ಡಿಗ್ರಿ ಓರೆಯಾಗಿಡಿ. ಹಾಳೆ ಚಪ್ಪಟೆಯಾಗಿದ್ದರೆ ದೂರದ ಅಂಚು ಕಣ್ಣಿಗೆ ಕುಗ್ಗಿ ಕಾಣುವುದರಿಂದ, ಅರಿವಿಲ್ಲದೆ ಚಿತ್ರದ ಮೇಲ್ಭಾಗವನ್ನು ಉದ್ದವಾಗಿ ಬರೆದುಬಿಡುತ್ತೀರಿ.

ಸ್ಟೈಲಸ್ ಹಿಡಿದು ಚಿಕ್ಕ ಟ್ಯಾಬ್ಲೆಟ್ ಮೇಲೆ ಕೆಲಸ ಮಾಡಿದವರಲ್ಲಿ ಚಲನೆಯೆಲ್ಲ ಬೆರಳು ಮತ್ತು ಮಣಿಕಟ್ಟಿಗೆ ಸೀಮಿತವಾಗಿರುತ್ತದೆ. ಕಾಗದದ ಮೇಲೆ ಉದ್ದದ ಗೆರೆ ಭುಜದಿಂದ, ಮಧ್ಯಮ ಗೆರೆ ಮೊಣಕೈಯಿಂದ, ಸೂಕ್ಷ್ಮ ಗೆರೆ ಮಾತ್ರ ಬೆರಳಿನಿಂದ ಬರಬೇಕು. ಪೆನ್ಸಿಲನ್ನು ತುದಿಯಿಂದ ಸ್ವಲ್ಪ ಮೇಲಕ್ಕೆ ಹಿಡಿದರೆ ಬೆರಳುಗಳಿಗೆ ಹಿಡಿತ ಸಾಲದೆ ಭುಜ ತಾನಾಗಿಯೇ ಕೆಲಸಕ್ಕಿಳಿಯುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳಲ್ಲಿ ಜೋಮು ಅಥವಾ ಚುಚ್ಚಿದಂತಹ ಅನುಭವ ಕಂಡುಬಂದರೆ ಅಂದಿಗೆ ನಿಲ್ಲಿಸಿ. ಅದು ಮರುಕಳಿಸುತ್ತಿದ್ದರೆ ವೈದ್ಯರಿಗೆ ತೋರಿಸಿ. ಹಗಲೆಲ್ಲ ಮೌಸ್ ಹಿಡಿದ ಮಣಿಕಟ್ಟಿನ ಮೇಲೆ ಇದನ್ನೂ ಹೇರುತ್ತಿರುವುದರಿಂದ ಈ ಲಕ್ಷಣವನ್ನು ಕಡೆಗಣಿಸಬಾರದು.

## ಹಂತ 3: ಅಳಿಸದೆ ಗೆರೆ ಎಳೆಯುವುದು

ಡಿಜಿಟಲ್ ಅಭ್ಯಾಸದಲ್ಲಿ ಗೆರೆಯೊಂದು ಹೇಗೆ ಹುಟ್ಟುತ್ತದೆಂಬುದನ್ನು ಗಮನಿಸಿ. ಎಳೆಯುತ್ತೀರಿ, ಅನ್‌ಡೂ ಮಾಡುತ್ತೀರಿ, ಮತ್ತೆ ಎಳೆಯುತ್ತೀರಿ. ಎಂಟು ಹತ್ತು ಗೆರೆಗಳಲ್ಲಿ ಒಂದನ್ನು ಉಳಿಸಿಕೊಳ್ಳುತ್ತೀರಿ. ಅಲ್ಲಿ ನೋಡುವ ಕೆಲಸ ಗೆರೆ ಬಿದ್ದ ಮೇಲೆ ನಡೆಯುತ್ತದೆ. ಕಾಗದದಲ್ಲಿ ಅದು ಗೆರೆಗಿಂತ ಮೊದಲೇ ನಡೆಯಬೇಕು. ಈ ಒಂದು ತಿರುವು ಕೈಗೂಡಿದರೆ ಉಳಿದದ್ದೆಲ್ಲ ಹಗುರವಾಗುತ್ತದೆ. ನಾನು ಈ ಹಂತಕ್ಕೆ ಮೂರು ವಾರ ಮೀಸಲಿಡಿ ಎಂದು ಒತ್ತಾಯಿಸುವುದು ಅದಕ್ಕಾಗಿಯೇ.

ಮೊದಲ ವಾರ. ಎ4 ಹಾಳೆಯ ಮೇಲೆ ಎರಡೆರಡು ಚುಕ್ಕೆಗಳನ್ನು ದೂರ ದೂರದಲ್ಲಿಟ್ಟು, 0.8 ಪೆನ್ನಿನಿಂದ ಅವನ್ನು ಜೋಡಿಸಿ. ಪೆನ್ನಿನ ತುದಿಯನ್ನು ಹಾಳೆಗೆ ತಾಗಿಸದೆ ಎರಡು ಬಾರಿ ದಾರಿಯುದ್ದಕ್ಕೂ ಆಡಿಸಿ, ಮೂರನೇ ಬಾರಿ ತಾಗಿಸಿ ಎಳೆಯಿರಿ. ಎಳೆಯುವಾಗ ಕಣ್ಣು ಪೆನ್ನಿನ ತುದಿಯ ಮೇಲಲ್ಲ, ತಲುಪಬೇಕಾದ ಚುಕ್ಕೆಯ ಮೇಲಿರಲಿ. ಗೆರೆ ಗುರಿ ತಪ್ಪಿದರೂ ತಡೆಯಿಲ್ಲದೆ ಸಾಗಿದ್ದರೆ ಅದು ಒಳ್ಳೆಯ ಗೆರೆ. ಚಿಕ್ಕ ಚಿಕ್ಕ ತುಂಡುಗಳನ್ನು ಪೋಣಿಸಿ ಗುರಿ ಮುಟ್ಟಿಸಿದ ಗೆರೆ, ಮುಟ್ಟಿದ್ದರೂ, ತಿದ್ದಿಕೊಳ್ಳಬೇಕಾದದ್ದು.

ಎರಡನೇ ವಾರ. ಇದೇ ವಿಧಾನದಲ್ಲಿ ದೀರ್ಘವೃತ್ತಗಳು. ಲೋಟದ ಬಾಯಿ, ತಟ್ಟೆಯ ಅಂಚು ಎಲ್ಲವೂ ದೀರ್ಘವೃತ್ತಗಳೇ. ಅವುಗಳ ಎರಡು ತುದಿಗಳನ್ನು ಎಲೆಯ ಹಾಗೆ ಚೂಪಾಗಿಸುವುದು ಎಲ್ಲರೂ ಮಾಡುವ ತಪ್ಪು. ಎಷ್ಟೇ ತೆಳುವಾದ ದೀರ್ಘವೃತ್ತಕ್ಕೂ ತುದಿಯಲ್ಲಿ ದುಂಡು ತಿರುವು ಇರುತ್ತದೆ.

ಮೂರನೇ ವಾರ. ಎದುರಿಗೆ ಒಂದು ವಸ್ತುವನ್ನಿಟ್ಟು ನೇರವಾಗಿ ಪೆನ್ನಿನಿಂದ ಬರೆಯಿರಿ. ಕತ್ತರಿ, ಚಪ್ಪಲಿ, ಬೀಗದ ಕೈ, ಮಡಿಸಿಟ್ಟ ಬಟ್ಟೆ ಯಾವುದಾದರೂ ಆದೀತು. ಪೆನ್ಸಿಲ್ ಬೇಡ, ರಬ್ಬರ್ ಬೇಡ. ತಪ್ಪು ಗೆರೆ ಬಿದ್ದರೆ ಅದರ ಮೇಲೆ ಗೀಚಿ ಮರೆಮಾಡಬೇಡಿ. ಅದನ್ನು ಹಾಗೆಯೇ ಬಿಟ್ಟು ಪಕ್ಕದಲ್ಲೇ ಸರಿಯಾದ ಗೆರೆಯನ್ನು ಎಳೆದು ಮುಂದುವರಿಯಿರಿ. ಮರೆಮಾಡಿದ ತಪ್ಪು ಕಪ್ಪು ಮುದ್ದೆಯಾಗಿ ಇಡೀ ಹಾಳೆಯಲ್ಲಿ ಅದೊಂದೇ ಕಣ್ಣಿಗೆ ಬೀಳುತ್ತದೆ. ತೆರೆದಿಟ್ಟ ತಪ್ಪಾದರೋ ಎರಡನೇ ಗೆರೆಗೆ ಅಳತೆಗೋಲಾಗಿ ನಿಲ್ಲುತ್ತದೆ.

ಝೂಮ್ ಮಾಡುವ ಅಭ್ಯಾಸವೂ ಇಲ್ಲಿ ಕಾಲಿಗೆ ತೊಡರುತ್ತದೆ. ಪರದೆಯಲ್ಲಿ ಕತ್ತರಿಯ ತಿರುಪನ್ನು 800 ಪ್ರತಿಶತ ಹಿಗ್ಗಿಸಿ ಬಿಡಿಸಿದವರು ಕಾಗದದಲ್ಲೂ ಅಲ್ಲಿಂದಲೇ ಆರಂಭಿಸುತ್ತಾರೆ. ತಿರುಪು ಸುಂದರವಾಗಿ ಬಂದು ಕತ್ತರಿಯ ಬಾಯಿ ಹಾಳೆಯಿಂದ ಹೊರಗೆ ಹೋಗುತ್ತದೆ. ಮೊದಲು ವಸ್ತುವಿನ ಒಟ್ಟು ಎತ್ತರ, ಅಗಲಗಳಿಗೆ ನಾಲ್ಕು ಚುಕ್ಕೆಗಳನ್ನಿಡಿ, ಆಮೇಲೆ ದೊಡ್ಡ ಆಕಾರ, ವಿವರ ಕಟ್ಟಕಡೆಗೆ. ಕ್ಯಾನ್ವಾಸನ್ನು ಎಡಬಲ ತಿರುಗಿಸಿ ತಪ್ಪು ಹುಡುಕುವ ನಿಮ್ಮ ಹಳೆಯ ಅಭ್ಯಾಸವನ್ನು ಮಾತ್ರ ಖಂಡಿತ ಉಳಿಸಿಕೊಳ್ಳಿ: ಹಾಳೆಯ ಬೆನ್ನನ್ನು ನಿಮ್ಮ ಕಡೆಗಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ವಾಲಿದ ಗೆರೆಗಳೆಲ್ಲ ತಕ್ಷಣ ಕಾಣುತ್ತವೆ.

ಮುಂದಿನ ಹಂತಕ್ಕೆ ನೀವು ಸಿದ್ಧರಾಗಿದ್ದೀರಿ ಎಂಬುದರ ಲಕ್ಷಣ ಚಿತ್ರಗಳು ಚೆನ್ನಾಗಿ ಬರುವುದಲ್ಲ. ತಪ್ಪು ಗೆರೆ ಬಿದ್ದ ಹಾಳೆಯನ್ನು ಕಿತ್ತೆಸೆಯದೆ, ಅದೇ ಹಾಳೆಯಲ್ಲಿ ಮುಂದುವರಿಯಲು ಮನಸ್ಸು ಒಪ್ಪುವುದೇ ಲಕ್ಷಣ.

## ಹಂತ 4: ಒಂದೇ ಶಾಯಿಯಲ್ಲಿ ನೆರಳು ಬೆಳಕು

ತಟ್ಟೆಯ ಮೊದಲ ಗುಳಿಯಲ್ಲಿ ಶುದ್ಧ ಶಾಯಿ, ಕೊನೆಯದರಲ್ಲಿ ನೀರಿಗೆ ಒಂದೇ ಹನಿ ಶಾಯಿ, ನಡುವೆ ಮೂರು ಹದಗಳು. ಹೀಗೆ ಐದು ಛಾಯೆಗಳನ್ನು ಸಿದ್ಧಮಾಡಿಕೊಳ್ಳಿ. ಪ್ರತಿಯೊಂದನ್ನೂ ಅದೇ ಜಲವರ್ಣ ಕಾಗದದ ಒಂದು ಪಟ್ಟಿಯ ಮೇಲೆ ಬಳಿದು ಪೂರ್ತಿ ಒಣಗಿಸಿ ನೋಡಿ. ಶಾಯಿ ಒದ್ದೆಯಿದ್ದಾಗ ಕಂಡದ್ದಕ್ಕಿಂತ ತಿಳಿಯಾಗಿ ಒಣಗುವುದರಿಂದ, ಒದ್ದೆಯಲ್ಲಿ ಸರಿ ಎನಿಸಿದ ಛಾಯೆ ಒಣಗಿದಾಗ ಪೇಲವವಾಗಿರುತ್ತದೆ. ಆ ಪಟ್ಟಿಯನ್ನು ಹಲಗೆಯ ಬದಿಗೆ ಅಂಟಿಸಿಕೊಂಡೇ ಕೆಲಸ ಮಾಡಿ.

ಹಾಳೆಯ ನಾಲ್ಕೂ ಅಂಚುಗಳನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಬಿಗಿಯಾಗಿ ಅಂಟಿಸಿ, ಪೆನ್ಸಿಲಿನಲ್ಲಿ ಆಕಾರದ ಗಡಿಗಳನ್ನಷ್ಟೇ ತೆಳುವಾಗಿ ಗುರುತಿಸಿ. ಬಳಿಯುವ ಕ್ರಮ ಯಾವಾಗಲೂ ತಿಳಿಯಿಂದ ಕಡುವಿಗೆ. ಲೇಯರ್‌ಗಳಿಗೆ ಒಗ್ಗಿದವರು ಬಿಳಿಯನ್ನು ಕೊನೆಯಲ್ಲಿ ಮೇಲಿಂದ ಹಾಕಬಹುದೆಂದು ಎಣಿಸುತ್ತಾರೆ. ಈ ಮಾಧ್ಯಮದಲ್ಲಿ ಬಿಳಿಯೆಂದರೆ ಮುಟ್ಟದೆ ಬಿಟ್ಟ ಕಾಗದ. ಎಲ್ಲಿ ಹೊಳಪು ಬೇಕೋ ಅಲ್ಲಿ ಕುಂಚ ಹೋಗಬಾರದೆಂಬುದನ್ನು ಆರಂಭದಲ್ಲೇ ನಿರ್ಧರಿಸಬೇಕು.

ಅರ್ಧ ಒಣಗಿದ ಜಾಗವನ್ನು ತಿದ್ದಲು ಹೋಗುವುದು ಇಲ್ಲಿಯ ದೊಡ್ಡ ತಪ್ಪು. ಮೇಲ್ಮೈಯ ಮಿನುಗು ಆಗತಾನೆ ಮಾಯವಾಗುತ್ತಿರುವಾಗ ಹೊಸ ನೀರು ಬಿದ್ದರೆ, ಅದು ಹಳೆಯ ಶಾಯಿಯನ್ನು ಹೊರಕ್ಕೆ ತಳ್ಳಿ ಹೂಕೋಸಿನ ಅಂಚಿನಂತಹ ಕಲೆಯನ್ನು ಉಳಿಸುತ್ತದೆ. ಪೂರ್ತಿ ಒದ್ದೆಯಿದ್ದಾಗ ತಿದ್ದಿ, ಇಲ್ಲವೇ ಪೂರ್ತಿ ಒಣಗಿದ ಮೇಲೆ ತಿದ್ದಿ. ಕೆಲಸದ ನಡುವೆ ಎದ್ದುಹೋಗಬೇಕಾದರೆ ಕುಂಚವನ್ನು ತೊಳೆದೇ ಏಳಿ, ಏಕೆಂದರೆ ಈ ಶಾಯಿ ಕೂದಲಿನ ಬುಡದಲ್ಲಿ ಒಣಗಿದರೆ ಕುಂಚ ಮತ್ತೆ ಮೊನೆಗೂಡುವುದಿಲ್ಲ. ಕುಂಚವನ್ನು ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸುವುದೂ ಬೇಡ.

## ಹಂತ 5: ಮೂರು ಬಣ್ಣ, ಒಂದು ಬಿಳಿ

ಜಲವರ್ಣದ ಬದಲು ಗೌಶ್, ಅಂದರೆ ಅಪಾರದರ್ಶಕ ಜಲವರ್ಣದಿಂದ ಆರಂಭಿಸುವುದು ಡಿಸೈನರ್‌ಗಳಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸಮತಟ್ಟಾದ, ಹೊಳಪಿಲ್ಲದ ಬಣ್ಣದ ಕ್ಷೇತ್ರಗಳನ್ನು ಕೊಡುತ್ತದೆ; ಕಡುಬಣ್ಣದ ಮೇಲೆ ತಿಳಿಬಣ್ಣವನ್ನೂ ಹಾಕಬಹುದು. ನಾಲ್ಕೇ ಟ್ಯೂಬುಗಳನ್ನು ಕೊಳ್ಳಿ: ನಿಂಬೆ ಹಳದಿ, ಕ್ವಿನಾಕ್ರಿಡೋನ್ ಮಜೆಂಟಾ, ಥ್ಯಾಲೋ ನೀಲಿ ಮತ್ತು ಟೈಟೇನಿಯಂ ಬಿಳಿ. ಟ್ಯೂಬಿನ ಹಿಂಬದಿಯಲ್ಲಿ ಪಿಗ್ಮೆಂಟಿನ ಸಂಕೇತ ಮುದ್ರಿತವಾಗಿರುತ್ತದೆ. ಮಜೆಂಟಾಕ್ಕೆ ಪಿಆರ್ 122, ನೀಲಿಗೆ ಪಿಬಿ 15:3, ಬಿಳಿಗೆ ಪಿಡಬ್ಲ್ಯು 6 ಎಂದಿರುವುದನ್ನು ಆರಿಸಿ. ಒಂದೇ ಸಂಕೇತವಿರುವ ಬಣ್ಣ ಶುದ್ಧವಾಗಿ ಬೆರೆಯುತ್ತದೆ. ಮೂರು ನಾಲ್ಕು ಸಂಕೇತಗಳಿರುವ ಎರಡು ಬಣ್ಣಗಳನ್ನು ಬೆರೆಸಿದರೆ ಕೆಸರಿನ ಬಣ್ಣ ಬರುವ ಸಾಧ್ಯತೆಯೇ ಹೆಚ್ಚು.

ಪರದೆ ಬೆಳಕನ್ನು ಹೊರಸೂಸುತ್ತದೆ. ಅಲ್ಲಿ ಕೆಂಪು, ಹಸಿರು, ನೀಲಿ ಸೇರಿದರೆ ಬಿಳಿ. ಪಿಗ್ಮೆಂಟಾದರೋ ಬೆಳಕಿನ ಒಂದು ಭಾಗವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಬೆರೆಸಿದಷ್ಟೂ ಹೊಳಪು ಕುಂದುತ್ತದೆ. ಪರದೆಯ ಮೇಲಿನ ಉಜ್ವಲ ಹಸಿರು, ವಿದ್ಯುತ್ ನೀಲಿಗಳು ಕಾಗದದ ಮೇಲೆ ಸಿಗುವುದೇ ಇಲ್ಲ. ಅವುಗಳ ಬೆನ್ನುಹತ್ತಿ ಟ್ಯೂಬುಗಳನ್ನು ಕೊಳ್ಳುತ್ತಾ ಹೋಗಬೇಡಿ.

ಅಭ್ಯಾಸ ಹೀಗಿರಲಿ. ನೀವು ಹಿಂದೆ ಮಾಡಿದ ಯಾವುದಾದರೂ ವಿನ್ಯಾಸದಿಂದ ಆರು ಮಂದಬಣ್ಣಗಳನ್ನು ಆಯ್ದು ಮುದ್ರಿಸಿಕೊಳ್ಳಿ, ಕಂಪ್ಯೂಟರ್ ಮುಚ್ಚಿ, ನಾಲ್ಕು ಟ್ಯೂಬುಗಳಿಂದಲೇ ಪ್ರತಿಯೊಂದನ್ನೂ ಹೊಂದಿಸಲು ಯತ್ನಿಸಿ. ಥ್ಯಾಲೋ ನೀಲಿ ಬಹಳ ಪ್ರಬಲವಾದ್ದರಿಂದ ಹಳದಿಗೆ ನೀಲಿಯನ್ನು ಕುಂಚದ ತುದಿಯಷ್ಟೇ ಸೇರಿಸಬೇಕು. ನೀಲಿಗೆ ಹಳದಿ ಸುರಿಯಲು ಹೊರಟರೆ ಟ್ಯೂಬು ಖಾಲಿಯಾದರೂ ಬಣ್ಣ ತಿರುಗದು. ಹೋಲಿಸುವ ಮುನ್ನ ಒಣಗಲು ಬಿಡಿ. ಗೌಶ್ ಒಣಗುವಾಗ ತಿಳಿಬಣ್ಣಗಳು ತುಸು ಕಡುವಾಗಿಯೂ ಕಡುಬಣ್ಣಗಳು ತುಸು ತಿಳಿಯಾಗಿಯೂ ಬದಲಾಗುತ್ತವೆ. ಹೋಲಿಕೆಯನ್ನು ಹಗಲು ಬೆಳಕಿನಲ್ಲಿ ಮಾಡಿ.

ಬಣ್ಣದ ಹದ ಕುಂಚದಿಂದ ತಾನಾಗಿ ತೊಟ್ಟಿಕ್ಕದೆ, ಎಳೆದಾಗ ತಡೆಯಿಲ್ಲದೆ ಜಾರುವಂತಿರಬೇಕು. ದಪ್ಪಗೆ ಬಳಿದರೆ ಒಣಗಿದ ಮೇಲೆ ಬಿರುಕುಬಿಡುತ್ತದೆ, ನೀರು ಹೆಚ್ಚಾದರೆ ಪಟ್ಟೆಪಟ್ಟೆಯಾಗುತ್ತದೆ. ಕುಂಚದ ಮೊನೆಯನ್ನು ತುಟಿಯಿಂದ ಸರಿಪಡಿಸುವ ಅಭ್ಯಾಸ ಬೇಡವೇ ಬೇಡ, ಕೆಲವು ಪಿಗ್ಮೆಂಟುಗಳು ಕ್ಯಾಡ್ಮಿಯಂನಂತಹ ವಿಷಕಾರಿ ಲೋಹಗಳಿಂದ ಮಾಡಿದವು.

## ಹಂತ 6: ಲಿನೋ ಅಚ್ಚು

ಡಿಜಿಟಲ್ ಡಿಸೈನರ್‌ಗೆ ಕೈಕೆಲಸದ ಸಂತೋಷವನ್ನು ಪೂರ್ತಿಯಾಗಿ ಮರಳಿಸುವ ಮಾಧ್ಯಮ ಯಾವುದೆಂದು ಕೇಳಿದರೆ ನಾನು ಯೋಚಿಸದೆ ಲಿನೋ ಎನ್ನುತ್ತೇನೆ, ಅಂದರೆ ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಅಚ್ಚೊತ್ತುವ ಕೆಲಸ. ಕಪ್ಪು ಬಿಳುಪಿನ ಸ್ಪಷ್ಟ ಆಕಾರಗಳು, ಖಾಲಿ ಜಾಗದ ಲೆಕ್ಕ, ಒಂದರ ಮೇಲೊಂದು ಬಣ್ಣ ಎಂದರೆ ವೆಕ್ಟರ್ (ಬಿಂದು, ರೇಖೆಗಳ ಲೆಕ್ಕದಲ್ಲಿ ಆಕಾರ ಕಟ್ಟುವ) ಕೆಲಸದಲ್ಲಿ ನೀವು ಗಳಿಸಿದ ಬುದ್ಧಿಯೆಲ್ಲ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಕೈಗೆ ಮಾತ್ರ ಹೊಸ ಅನುಭವ. ಲಿನೋಲಿಯಂ ಎಂಬುದು ಅಗಸೆ ಎಣ್ಣೆ, ಬಿರಟೆಯ (ಕಾರ್ಕ್) ಪುಡಿ, ಮರದ ಹುಡಿಗಳನ್ನು ಸೆಣಬಿನ ಬಟ್ಟೆಯ ಮೇಲೆ ಒತ್ತಿ ಮಾಡಿದ ಹಾಳೆ. ಮರಕ್ಕಿರುವಂತೆ ಅದಕ್ಕೆ ಎಳೆಯ ದಿಕ್ಕಿಲ್ಲ, ಹಾಗಾಗಿ ಉಳಿ ಯಾವ ಕಡೆಗೂ ಸಮನಾಗಿ ಸಾಗುತ್ತದೆ.

ಬೇಕಾದದ್ದು: ಎ6 ಅಳತೆಯ, ಅಂದರೆ 105×148 ಮಿ.ಮೀ. ಲಿನೋ ತುಂಡು, ‘ವಿ’ ಮತ್ತು ‘ಯು’ ಬಾಯಿಯ ಎರಡು ಉಳಿಗಳು, ಮೇಜಿನ ಅಂಚಿಗೆ ಸಿಕ್ಕಿಸಿ ಲಿನೋವನ್ನು ತಡೆದು ಹಿಡಿಯುವ ಮರದ ಹಲಗೆ, ಗಟ್ಟಿ ರಬ್ಬರಿನ ರೋಲರ್, ಗಾಜಿನ ಫಲಕ, ಅಚ್ಚಿನ ಶಾಯಿ, ಟ್ರೇಸಿಂಗ್ ಕಾಗದ, 70ರಿಂದ 120 ಜಿಎಸ್‌ಎಂ ತೂಕದ ನಯವಾದ ಕಾಗದ ಮತ್ತು ಒಂದು ಚಮಚ. ದಪ್ಪ ಕಾಗದಕ್ಕೆ ಕೈಯ ಒತ್ತಡ ಸಾಲದು. ಅದಕ್ಕೆ ಮುದ್ರಣಯಂತ್ರವೇ ಬೇಕಾಗುತ್ತದೆ.

ವಿನ್ಯಾಸ ಮತ್ತು ವರ್ಗಾವಣೆ. ಟ್ರೇಸಿಂಗ್ ಕಾಗದದ ಮೇಲೆ 6ಬಿ ಪೆನ್ಸಿಲಿನಿಂದ ಬರೆದು, ಅಚ್ಚಾಗಬೇಕಾದ ಭಾಗಗಳನ್ನು ತುಂಬಿ. ಮೊದಲ ಅಚ್ಚಿನಲ್ಲಿ ಯಾವ ಗೆರೆಯೂ ಒಂದೂವರೆ ಮಿಲಿಮೀಟರಿಗಿಂತ ತೆಳುವಾಗಿರುವುದು ಬೇಡ. ಅಚ್ಚು ಕನ್ನಡಿಯಂತೆ ತಿರುಗಿ ಬರುವುದರಿಂದ ಟ್ರೇಸಿಂಗ್ ಕಾಗದವನ್ನು ಮುಖ ಕೆಳಗಾಗಿ ಲಿನೋ ಮೇಲಿಟ್ಟು ಬೆನ್ನನ್ನು ಉಜ್ಜಿ. ಆಗ ಚಿತ್ರ ತಿರುಗಿ ಬೀಳುತ್ತದೆ, ಅಚ್ಚೊತ್ತಿದಾಗ ಮತ್ತೆ ನೆಟ್ಟಗಾಗುತ್ತದೆ. ಅಕ್ಷರಗಳಿದ್ದರೆ ಲಿನೋ ಮೇಲೆ ಅವು ತಿರುಗಿ ಕಾಣುತ್ತಿವೆಯೇ ಎಂದು ಕೆತ್ತುವ ಮೊದಲು ಇನ್ನೊಮ್ಮೆ ನೋಡಿ.

ಕೆತ್ತನೆ. ಗಟ್ಟಿಯಾಗಿರುವ ಲಿನೋವನ್ನು ಬಿಸಿಲಿನಲ್ಲೋ ಬಿಸಿನೀರಿನ ಚೀಲದ ಮೇಲೋ ಕೆಲವು ನಿಮಿಷ ಬೆಚ್ಚಗಾಗಿಸಿದರೆ ಮೆದುವಾಗುತ್ತದೆ. ಮೊದಲು ‘ವಿ’ ಉಳಿಯಿಂದ ಆಕಾರದ ಗಡಿ, ಆಮೇಲೆ ‘ಯು’ ಉಳಿಯಿಂದ ಹೊರಗಿನ ಖಾಲಿ ಜಾಗ. ತಿರುವು ಬಂದಾಗ ಉಳಿಯನ್ನು ತಿರುಗಿಸದೆ, ಇನ್ನೊಂದು ಕೈಯಿಂದ ಲಿನೋವನ್ನು ನಿಧಾನವಾಗಿ ತಿರುಗಿಸಿ. ವಕ್ರರೇಖೆ ನಯವಾಗಿ ಬರುವುದರ ಗುಟ್ಟು ಇದೇ. ಉಳಿಯನ್ನು ಕಡಿದಾಗಿ ಹಿಡಿದರೆ ಅದು ಆಳಕ್ಕಿಳಿದು ಸಿಕ್ಕಿಕೊಳ್ಳುತ್ತದೆ. ಸೆಣಬಿನ ಎಳೆ ಕಾಣುವಷ್ಟು ಆಳ ಬೇಕಿಲ್ಲ. ಆಕಾರದ ಬದಿಗೋಡೆ ಕೆಳಕ್ಕೆ ಹೋಗುತ್ತಾ ಹೊರಕ್ಕೆ ಓರೆಯಾಗಲಿ. ಅಡಿಯನ್ನು ಒಳಕ್ಕೆ ಕೊರೆದರೆ ಒತ್ತಡಕ್ಕೆ ಆ ಅಂಚು ಕುಸಿಯುತ್ತದೆ.

ಸುರಕ್ಷತೆಯ ನಿಯಮ ಒಂದೇ, ಅದನ್ನು ಮುರಿಯಬಾರದು: ಉಳಿಯ ಮುಂದೆ ಎಂದಿಗೂ ಕೈಯಿರಕೂಡದು, ಎರಡೂ ಕೈಗಳು ಬಾಯಿಯ ಹಿಂದೆಯೇ ಇರಬೇಕು. ಹೆಚ್ಚು ಬಲ ಹಾಕಬೇಕಾಗಿ ಬಂದರೆ ಉಳಿ ಮೊಂಡಾಗಿದೆ ಎಂದರ್ಥ. ಮೊಂಡು ಉಳಿ ಜಾರುತ್ತದೆ, ಮಸೆದುಕೊಂಡು ಮುಂದುವರಿಯಿರಿ.

ಶಾಯಿ ಹಚ್ಚುವುದು. ಹೆಚ್ಚಿನ ಅಚ್ಚುಗಳು ಕೆಡುವುದು ಈ ಘಟ್ಟದಲ್ಲಿ. ಗಾಜಿನ ಮೇಲೆ ಸ್ವಲ್ಪವೇ ಶಾಯಿ ಹಾಕಿ, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಓಡಿಸಿ. ಪ್ರತಿ ಬಾರಿ ಎತ್ತಿ ಇಟ್ಟರೆ ರೋಲರ್ ತಿರುಗಿ ಎಲ್ಲ ಕಡೆಗೂ ಸಮನಾಗಿ ಶಾಯಿ ಹಿಡಿಯುತ್ತದೆ. ಆಗ ಕಿವಿಗೊಟ್ಟು ಕೇಳಿ. ಶಾಯಿ ಹೆಚ್ಚಿದ್ದರೆ ಒದ್ದೆಯಾದ, ಪಚಪಚ ಸದ್ದು. ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗಾಗಿ ಕಾಣುತ್ತದೆ. ಹದ ಬಂದಾಗ ಸದ್ದು ಸಣ್ಣಗೆ, ಒಂದೇ ಸಮನೆ ಸುಯ್ಯೆನ್ನುತ್ತದೆ, ಮೇಲ್ಮೈ ಮಖಮಲ್ಲಿನಂತೆ ಮಂದವಾಗಿ ಹೊಳೆಯುತ್ತದೆ. ಲಿನೋಗೆ ಒಮ್ಮೆಲೇ ದಪ್ಪಗೆ ಹಚ್ಚುವ ಬದಲು ತೆಳುವಾಗಿ ನಾಲ್ಕೈದು ಬಾರಿ ಹಚ್ಚಿ.

ಅಚ್ಚೊತ್ತುವುದು. ಕಾಗದವನ್ನು ಒಂದೇ ಸಲಕ್ಕೆ ಇಳಿಸಿ, ಮತ್ತೆ ಸರಿಸಬೇಡಿ. ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒಂದು ಮೂಲೆಯನ್ನು ಬಿಗಿಯಾಗಿ ಒತ್ತಿ ಹಿಡಿದು ಎದುರು ಮೂಲೆಯನ್ನು ಎತ್ತಿ ನೋಡಿ. ಪೇಲವವಾಗಿದ್ದರೆ ಅದೇ ಜಾಗಕ್ಕೆ ಮರಳಿಸಿ ಇನ್ನಷ್ಟು ಉಜ್ಜಬಹುದು. ಅಂಟಿದ ಶಾಯಿಯಿಂದ ಕಾಗದ ಸಣ್ಣಗೆ ಪರಪರನೆ ಬಿಟ್ಟುಕೊಳ್ಳುತ್ತಾ ಏಳುವಾಗ, ನೀವೇ ಕೆತ್ತಿದ ಚಿತ್ರವನ್ನು ನೀವು ಮೊದಲ ಬಾರಿಗೆ ಸರಿಯಾದ ದಿಕ್ಕಿನಲ್ಲಿ ಕಾಣುತ್ತೀರಿ. ಪರದೆಯ ಕೆಲಸದಲ್ಲಿ ಇದಕ್ಕೆ ಸಾಟಿಯಾದ ಗಳಿಗೆಯಿಲ್ಲ, ಅದನ್ನು ಅವಸರಪಡಿಸಬೇಡಿ.

ದೋಷ ಗುರುತಿಸುವುದು. ಕಪ್ಪು ಭಾಗದಲ್ಲಿ ಉಪ್ಪು ಚೆಲ್ಲಿದಂತೆ ಬಿಳಿ ಚುಕ್ಕೆಗಳಿದ್ದರೆ ಶಾಯಿ ಅಥವಾ ಒತ್ತಡ ಕಡಿಮೆಯಾಗಿದೆ. ತೆಳು ಬಿಳಿ ಗೆರೆಗಳು ಮುಚ್ಚಿಹೋಗಿದ್ದರೆ ಶಾಯಿ ಹೆಚ್ಚು. ಎರಡು ಮೂರು ಅಚ್ಚುಗಳನ್ನು ಹೊಸ ಶಾಯಿ ಹಚ್ಚದೆ ರದ್ದಿ ಕಾಗದದ ಮೇಲೆ ತೆಗೆದರೆ ಗೆರೆಗಳು ತೆರೆದುಕೊಳ್ಳುತ್ತವೆ. ಅಂಚು ಎರಡೆರಡಾಗಿ ಕಂಡರೆ ಕಾಗದ ಸರಿದಿದೆ. ಖಾಲಿ ಜಾಗದಲ್ಲಿ ಉಳಿಯ ಗೀರುಗಳ ಗುರುತು ಬಿದ್ದಿದ್ದರೆ ಅವು ಮುಜುಗರ ತರುವಂತಿದ್ದಾಗ ಮಾತ್ರ ಇನ್ನಷ್ಟು ಕೆತ್ತಿ. ಬಹಳ ಸಲ ಚಿತ್ರಕ್ಕೆ ಜೀವ ಕೊಡುವುದೇ ಅವು. ಹತ್ತು ಅಚ್ಚು ತೆಗೆದರೆ ಹತ್ತೂ ತುಸು ತುಸು ಬೇರೆಯಾಗಿರುತ್ತವೆ, ಅದನ್ನು ದೋಷವೆಂದು ಎಣಿಸಬಾರದು.

ಶುಚಿ ಮತ್ತು ಒಣಗಿಸುವಿಕೆ. ನೀರಿನಲ್ಲಿ ತೊಳೆಯಬಹುದಾದ ಶಾಯಿ ಗಾಜಿನ ಮೇಲೆ ನಿಮಿಷಗಳಲ್ಲೇ ಅಂಟಾಗುವುದರಿಂದ ಬೇಗ ಕೆಲಸ ಮಾಡಬೇಕು. ಎಣ್ಣೆಯ ಶಾಯಿ ಬೇಕಾದಷ್ಟು ಸಮಯ ಕೊಡುತ್ತದೆ, ಆದರೆ ಅಚ್ಚು ಒಣಗಲು ದಿನಗಟ್ಟಲೆ ಬೇಕು. ಎಣ್ಣೆಯ ಶಾಯಿಯನ್ನು ಅಡುಗೆ ಎಣ್ಣೆಯಿಂದ ಒರೆಸಿ, ನಂತರ ಸಾಬೂನಿನಿಂದ ತೊಳೆಯಬಹುದು. ಅಗಸೆ ಎಣ್ಣೆಯ ಶಾಯಿ ಹತ್ತಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬೇಡಿ: ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹೊರಬಿಡುತ್ತದೆ, ಮುದ್ದೆಯೊಳಗೆ ಶಾಖ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಎಸೆಯಿರಿ.

ಎರಡನೇ ಬಣ್ಣ ಸೇರಿಸುವ ಆಸೆಯನ್ನು ಎರಡನೇ ಅಚ್ಚಿಗೆ ಕಾಯ್ದಿರಿಸಿ. ಆಗ ಲಿನೋ ಮತ್ತು ಕಾಗದ ಎರಡೂ ಪ್ರತಿ ಬಾರಿ ಒಂದೇ ಜಾಗದಲ್ಲಿ ಕೂರುವಂತೆ ರಟ್ಟಿನ ಮೂಲೆಗಟ್ಟುಗಳನ್ನು ಹಲಗೆಗೆ ಅಂಟಿಸಿಕೊಳ್ಳಬೇಕಾಗುತ್ತದೆ.

## ಕೈಬಿಡುವ ಮುನ್ಸೂಚನೆಗಳು

ಯಾರೂ ಒಂದೇ ದಿನ ಬಿಟ್ಟುಬಿಡುವುದಿಲ್ಲ, ಮೊದಲೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಇರುವ ಕಾಗದ ಅರ್ಧವೂ ಮುಗಿಯದೆ ಹೊಸದನ್ನು ಕೊಳ್ಳುವ ಮನಸ್ಸಾದರೆ ಒಂದು ತಿಂಗಳು ಖರೀದಿ ನಿಲ್ಲಿಸಿ. ಒಂದೇ ಚಿತ್ರವನ್ನು ಮತ್ತೆ ಮತ್ತೆ ಹೊಸ ಹಾಳೆಯಲ್ಲಿ ಆರಂಭಿಸುತ್ತಿದ್ದರೆ ಅನ್‌ಡೂ ಅಭ್ಯಾಸ ಬೇರೆ ವೇಷದಲ್ಲಿ ಮರಳಿದೆ ಎಂದರ್ಥ. ಮೂರನೇ ಹಂತಕ್ಕೆ ಒಂದು ವಾರದ ಮಟ್ಟಿಗೆ ಹಿಂತಿರುಗಿ. ಕೂರುವ ಮೊದಲೇ ‘ಇದನ್ನು ನೋಡಿ ಯಾರು ಏನನ್ನುತ್ತಾರೆ’ ಎಂಬ ಯೋಚನೆ ಬರುತ್ತಿದ್ದರೆ, ಮುಂದಿನ ಹತ್ತು ಹಾಳೆಗಳನ್ನು ಯಾರಿಗೂ ತೋರಿಸುವುದಿಲ್ಲವೆಂದು ನಿರ್ಧರಿಸಿ. ದಿನವಿಡೀ ಗ್ರಾಹಕರ ಒಪ್ಪಿಗೆಗಾಗಿ ದುಡಿಯುವವರಿಗೆ ಒಪ್ಪಿಗೆ ಬೇಡದ ಒಂದು ಕೆಲಸ ಬೇಕು, ಆ ಅಗತ್ಯವನ್ನು ನೀವು ಗೌರವಿಸಲೇಬೇಕು.

## ಹಂತ 7: ಕೈಕೆಲಸವನ್ನು ಪರದೆಗೆ ತರುವುದು

ಇದು ಕಡ್ಡಾಯವಲ್ಲ. ಮಾಡುವುದಾದರೆ, ಹಾಳೆ ಮುಗಿದು ಒಂದು ವಾರವಾದರೂ ಕಳೆದಿರಲಿ. ಎಣ್ಣೆಯ ಶಾಯಿ ಸ್ಕ್ಯಾನರಿನ ಗಾಜಿಗೆ ಅಂಟುವ ಭಯವೂ ಆಗ ಇರುವುದಿಲ್ಲ. ಮೂಲ ಅಳತೆಯಲ್ಲೇ ಮುದ್ರಿಸುವುದಾದರೆ 300 ಡಿಪಿಐ (ಅಂಗುಲಕ್ಕೆ 300 ಬಿಂದು) ಸಾಕು, ಎರಡು ಪಟ್ಟು ಹಿಗ್ಗಿಸುವುದಾದರೆ 600, ಕಪ್ಪು ಬಿಳುಪಿನ ಗೆರೆಯ ಕೆಲಸಕ್ಕೆ 1200. ಸ್ಕ್ಯಾನರಿನ ತಂತ್ರಾಂಶದಲ್ಲಿರುವ ಸ್ವಯಂ ಹರಿತಗೊಳಿಸುವಿಕೆ, ದೂಳು ನಿವಾರಣೆಗಳನ್ನು ಆಫ್ ಮಾಡಿ, ಮೂಲ ಪ್ರತಿಯನ್ನು ಟಿಫ್ (ವಿವರ ಕಳೆದುಕೊಳ್ಳದ ಚಿತ್ರಕಡತ) ರೂಪದಲ್ಲಿ ಉಳಿಸಿ. ಸ್ಕ್ಯಾನರಿಗೆ ಹಿಡಿಸದ ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಸಮನಾದ ಬೆಳಕು ಬೀಳಿಸಿ ಫೋಟೋ ತೆಗೆಯಿರಿ.

ತಿದ್ದುವಾಗ ಲೆವೆಲ್ಸ್ (ಕಪ್ಪು ಬಿಳುಪಿನ ಮಟ್ಟ ಹೊಂದಿಸುವ ಸೌಲಭ್ಯ) ಎಳೆದು ಕಾಗದವನ್ನು ಅಪ್ಪಟ ಬಿಳಿಗೆ, ಅಂದರೆ 255ಕ್ಕೆ ಏರಿಸುವುದು ಡಿಸೈನರ್‌ಗಳು ತಪ್ಪದೆ ಮಾಡುವ ತಪ್ಪು. ಹಾಗೆ ಮಾಡಿದರೆ ತಿಳಿಛಾಯೆಗಳೂ ಕಾಗದದ ರಚನೆಯೂ ಅಳಿಸಿಹೋಗುತ್ತವೆ. 245ರ ಆಸುಪಾಸಿನಲ್ಲಿ ನಿಲ್ಲಿಸಿ. ಆಟೋಟ್ರೇಸ್ ಮಾಡಿ, ಅಂದರೆ ತಂತ್ರಾಂಶದಿಂದಲೇ ಅಂಚುಗಳನ್ನು ಎಳೆಯಿಸಿ, ವೆಕ್ಟರ್ ಆಗಿಸುವುದನ್ನೂ ಆದಷ್ಟು ತಪ್ಪಿಸಿ. ಅದು ಅಂಚಿನ ಸಣ್ಣ ಏರಿಳಿತಗಳನ್ನೆಲ್ಲ ನುಣುಪುಗೊಳಿಸುತ್ತದೆ, ಆಮೇಲೆ ಉಳಿಯಿಂದ ಕೆತ್ತಿದ ಅಂಚಿಗೂ ಮೌಸಿನಿಂದ ಬಿಡಿಸಿದ ಅಂಚಿಗೂ ವ್ಯತ್ಯಾಸ ಉಳಿಯದು. ವೆಕ್ಟರ್ ಬೇಕೇಬೇಕೆಂದರೆ 1200 ಡಿಪಿಐ ಸ್ಕ್ಯಾನಿನಿಂದ ಆರಂಭಿಸಿ, ನುಣುಪಿನ ಮಟ್ಟವನ್ನು ಕನಿಷ್ಠಕ್ಕೆ ಇಳಿಸಿ, ಬಿಂದುಗಳು ಹೆಚ್ಚಾದರೂ ಸಹಿಸಿಕೊಳ್ಳಿ.

ಮೂಲ ಹಾಳೆಗಳನ್ನು ಸುರುಳಿ ಸುತ್ತದೆ, ಆಮ್ಲರಹಿತ ಕಾಗದವನ್ನು ನಡುವೆ ಇಟ್ಟು ಚಪ್ಪಟೆಯಾಗಿ, ಬಿಸಿಲು ಬೀಳದ ಕಡೆ ಇರಿಸಿ. ಹಾಳೆಯ ಬೆನ್ನಿನ ಮೇಲೆ ದಿನಾಂಕ, ಬಳಸಿದ ಕಾಗದ ಮತ್ತು ಬಣ್ಣಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಎದುರು ಬದಿಗೆ ಇಳಿಯಬಹುದು. ಕೆತ್ತಿದ ಲಿನೋವನ್ನು ಶಾಯಿಯಿಲ್ಲದಂತೆ ಒರೆಸಿ ಚಪ್ಪಟೆಯಾಗಿಟ್ಟರೆ, ಅದೇ ತುಂಡಿನಿಂದ ಮುಂದೆಯೂ ಹೊಸ ಅಚ್ಚುಗಳನ್ನು ತೆಗೆಯಬಹುದು.